ಸಡಿಲ ಹಗ್ಗದ ಪಾಠಗಳು

ಇಪ್ಪತ್ತೆರಡು ವರ್ಷದ ಹಿಂದೆ ನಾನು ಒಂದು ಹಳ್ಳಿಕಾರ್ ಹೋರಿಯನ್ನು ಕೆಡಿಸಿದೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಿಂದ ಹಿಡಿದು ತಂದ ಎಂಟನೆಯ ದಿನಕ್ಕೇ ಹೆಗಲಿಗೆ ನೊಗ ಹೇರಿ, ಹಿಂದೆ ಕುಂಟೆ ಕಟ್ಟಿದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕತ್ತನ್ನು ನೊಗಕ್ಕೆ ಬಿಗಿದ ಜೊತ್ತಿಗೆ ಕಿತ್ತಿತು. ಕುಂಟೆ ಹೊರಳಿ ಹಿಂಗಾಲಿಗೆ ಬಡಿಯಿತು. ಹೋರಿ ಹಿಪ್ಪುನೇರಳೆ ತೋಟವನ್ನು ಸೀಳಿಕೊಂಡು ಜಂಗಮಕೋಟೆ ಕ್ರಾಸ್ ರಸ್ತೆಯವರೆಗೆ ಓಡಿತು. ಗಾಯ ಹದಿನೈದು ದಿನಕ್ಕೆ ಮಾಯಿತು, ಭಯ ಮಾಯಲಿಲ್ಲ. ನೊಗ ಎತ್ತಿದರೆ ಸಾಕು, ನಿಂತಲ್ಲೇ ನಡುಗುತ್ತಿತ್ತು. ಕೊನೆಗೆ ಮಾರಬೇಕಾಯಿತು. ಅಪ್ಪ ಬೈಯಲಿಲ್ಲ. "ದನ ಬೆದರಿದ್ದು ನೊಗಕ್ಕಲ್ಲ ಕಣೋ, ನಿನ್ನ ಅವಸರಕ್ಕೆ" ಅಂದರು, ಅಷ್ಟೆ.

ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಲ್ಲಿಂದೀಚೆಗೆ ಹನ್ನೊಂದು ಹೋರಿಗಳನ್ನು ಪಳಗಿಸಿದ್ದೇನೆ. ನಮ್ಮ ಶಿಡ್ಲಘಟ್ಟ ಸೀಮೆ ರೇಷ್ಮೆಯದು. ಹಿಪ್ಪುನೇರಳೆ ಸಾಲುಗಳ ನಡುವೆ ಕೊಂಬೆ ಮುರಿಯದೆ ಕಳೆ ತೆಗೆಯಲು, ರಾಗಿ ಹೊಲಕ್ಕೆ ಕುಂಟೆ ಹೊಡೆಯಲು ಜೋಡೆತ್ತಿಗೆ ಇಲ್ಲಿ ಇನ್ನೂ ಕೆಲಸವಿದೆ. ಹಳ್ಳಿಕಾರ್ ದನಕ್ಕೆ ಚುರುಕೂ ಹೆಚ್ಚು, ಬೆದರೂ ಹೆಚ್ಚು. ಮೈಸೂರು ಅರಸರ ಬೆಣ್ಣೆಚಾವಡಿಯಲ್ಲಿ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾಗಿ, ಸೈನ್ಯದ ಫಿರಂಗಿ ಎಳೆದ ದನಗಳ ಬೇರು ಈ ತಳಿಯಲ್ಲೇ ಇದೆ. 2000ದಲ್ಲಿ ಅಂಚೆ ಇಲಾಖೆ ದೇಸಿ ದನಗಳ ಅಂಚೆಚೀಟಿ ತಂದಾಗ ಅದರಲ್ಲೊಂದು ಹಳ್ಳಿಕಾರ್. ಇಂಥ ದನ ನಮ್ಮ ಕೊಟ್ಟಿಗೆಯಲ್ಲಿ ಹೆದರಿ ಬದುಕಬಾರದು ಎಂಬ ಆಸೆಯಿಂದ, ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಉದಾಹರಣೆಗೆ ಮತ್ತೆ ಮತ್ತೆ ಬರುವುದು ನಮ್ಮ ಬೂದ. ನಾನು ಪಳಗಿಸಿದ ಹೋರಿಗಳಲ್ಲಿ ಅದಕ್ಕಿಂತ ಬೆದರು ದನ ಇನ್ನೊಂದಿರಲಿಲ್ಲ.

1. ಸುಳಿ ನೋಡುವ ಮೊದಲು ಕಣ್ಣು ನೋಡಿ

ಜಾತ್ರೆಯಲ್ಲಿ ಎಲ್ಲರೂ ಸುಳಿ ನೋಡುತ್ತಾರೆ, ಹಲ್ಲು ನೋಡುತ್ತಾರೆ, ಟವೆಲಿನಡಿ ಬೆರಳು ಹಿಡಿದು ವ್ಯಾಪಾರ ಮುಗಿಸುತ್ತಾರೆ. ನಾನು ಮೊದಲು ಅರ್ಧ ಗಂಟೆ ದೂರ ನಿಂತು ನೋಡುತ್ತೇನೆ. ತಲೆ ಎತ್ತರಕ್ಕೆ ಬಿಗಿಹಿಡಿದಿದೆಯೇ, ಕಣ್ಣಿನ ಬಿಳಿ ಕಾಣುತ್ತಿದೆಯೇ, ಮೂಗಿನ ಹೊಳ್ಳೆ ಅರಳಿದೆಯೇ, ಸಗಣಿ ಪದೇ ಪದೇ ನೀರಾಗಿ ಬೀಳುತ್ತಿದೆಯೇ? ಇವೆಲ್ಲ ಭಯದ ಗುರುತು. ಭಯ ಇದ್ದ ಮಾತ್ರಕ್ಕೆ ಹೋರಿಯನ್ನು ಬಿಡಬೇಕಾಗಿಲ್ಲ. ಜನರ ಗದ್ದಲ ಕಡಿಮೆಯಾದಾಗ ಅದು ಮೆಲುಕು ಹಾಕಲು ಶುರು ಮಾಡುತ್ತದೆಯೇ ಅನ್ನುವುದನ್ನು ನೋಡಿ. ಬೂದನ ಮೈಯೆಲ್ಲ ನಡುಗುತ್ತಿತ್ತು. ಆದರೆ ಸಂಜೆ ಜನ ಕರಗಿದ ಮೇಲೆ ಮಲಗಿ ಮೆಲುಕು ಹಾಕಿತು. ಸಮಾಧಾನಕ್ಕೆ ಮರಳುವ ದಾರಿ ಅದಕ್ಕೆ ಗೊತ್ತು ಅಂತ ಆಗ ಧೈರ್ಯ ಬಂತು.

2. ಮೊದಲ ವಾರ ಬರೀ ಕೂತಿರಿ

ಹೊಸ ಜಾಗ, ಹೊಸ ವಾಸನೆ, ಗಾಡಿಯಲ್ಲಿ ಬಂದ ಆಯಾಸ. ಈ ಮೂರೂ ಇಳಿಯುವವರೆಗೆ ಏನನ್ನೂ ಕಲಿಸಲು ಹೋಗಬೇಡಿ. ನಾನು ದಿನಾ ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಹಳೆಯ ಅಂಗಿ ಹಾಕಿಕೊಂಡು, ಗೊಂತಿನಿಂದ ಹತ್ತಡಿ ದೂರದಲ್ಲಿ ಕುಕ್ಕರಗಾಲಲ್ಲಿ ಕೂರುತ್ತೇನೆ. ಕೂತವನು ನಿಂತವನಿಗಿಂತ ಚಿಕ್ಕವನಾಗಿ ಕಾಣುತ್ತಾನೆ. ಕೈಗೆ ಸೊಪ್ಪು ಬಿಡಿಸುವಂಥ ಕೆಲಸ ಹಚ್ಚಿಕೊಳ್ಳುತ್ತೇನೆ. ದುರುಗುಟ್ಟಿ ನೋಡುವುದಿಲ್ಲ. ರಾಗಿ ಹುಲ್ಲು, ನೀರು ಕೊಡುವವನು ನಾನೊಬ್ಬನೇ. ಐದನೆಯ ದಿನ ಬೂದ ನನ್ನ ಎದುರಿಗೇ ತಲೆ ತಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು. ತಲೆ ತಗ್ಗಿಸಿದರೆ ಸುತ್ತಮುತ್ತಲಿನ ಕಾವಲು ಬಿಟ್ಟಂತೆ. ಒಂದು ಬೆದರು ದನ ಕೊಡುವ ಮೊದಲ ಮಾತು ಅದು.

3. ಅದರ ಕಣ್ಣು, ಕಿವಿ ನಮ್ಮಂತಲ್ಲ

ದನದ ಕಣ್ಣು ತಲೆಯ ಪಕ್ಕಗಳಲ್ಲಿವೆ. ತಲೆ ತಿರುಗಿಸದೆಯೇ ಸುತ್ತಲಿನ ಬಹುಪಾಲನ್ನು ನೋಡಬಲ್ಲದು, ಬೆನ್ನ ಹಿಂದಿನದು ಮಾತ್ರ ಕಾಣದು. ಹಿಂದಿನಿಂದ ಬಂದವನನ್ನು ಒದೆಯುವುದು ಪುಂಡತನವಲ್ಲ, ಯಾರೆಂದು ಕಾಣದ ಭಯ. ನೆಲದ ಮೇಲಿನ ಚೂಪು ನೆರಳು, ಹೊಳೆಯುವ ಪ್ಲಾಸ್ಟಿಕ್ ಹಾಳೆ, ಹನಿ ನೀರಾವರಿಯ ಕಪ್ಪು ಪೈಪು ಕಂಡರೆ ನಿಂತುಬಿಡುತ್ತದೆ. ಅದು ಹಳ್ಳವೋ ಹಾವೋ ಎಂದು ತಿಳಿಯಲು ತಲೆ ತಗ್ಗಿಸಿ ನೋಡಬೇಕು, ಅದಕ್ಕೆ ಹೊತ್ತು ಬೇಕು. ಆ ಹೊತ್ತನ್ನು ಕೊಡಿ. ನಮಗೆ ಕೇಳಿಸದ ಕೀರಲು ಸದ್ದೂ ಅದಕ್ಕೆ ಕೇಳಿಸುತ್ತದೆ. ಹಾಗಾಗಿ ಕೂಗಾಟ, ಸಿಳ್ಳು ಬೇಡ. ನೇರ ಎದುರಿಗೂ ಹೋಗದೆ, ಬೆನ್ನ ಹಿಂದೆಯೂ ಹೋಗದೆ, ಭುಜದ ಕಡೆಯಿಂದ ಓರೆಯಾಗಿ, ಮೆಲ್ಲಗೆ ಮಾತಾಡುತ್ತ ಹೋಗಿ.

4. ಎಳೆತ ಕೇಳುತ್ತದೆ, ಸಡಿಲ ಕಲಿಸುತ್ತದೆ

ಇಡೀ ವಿದ್ಯೆ ಇರುವುದು ಈ ಒಂದು ಪಾಠದಲ್ಲಿ. ಕುದುರೆ ಪಳಗಿಸುವವರಿಗೂ ಇದೇ ಮೂಲಮಂತ್ರ.

ಪ್ರತಿ ಹೆದರು ಪ್ರಾಣಿಗೂ ಸುತ್ತ ಒಂದು ಕಾಣದ ಗೆರೆಯಿರುತ್ತದೆ. ಆ ಗೆರೆ ದಾಟಿದರೆ ಅದು ಸರಿಯುತ್ತದೆ. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್ ದನಗಳ ಈ ಗೆರೆಯ ಬಗ್ಗೆ ವಿವರವಾಗಿ ಬರೆದಿದ್ದಾರೆ. ಬೂದನ ಗೆರೆ ಮೊದಲಿಗೆ ಹನ್ನೆರಡಡಿ ದೂರದಲ್ಲಿತ್ತು. ನಾನು ಗೆರೆಯ ಅಂಚಿಗೆ ಒಂದು ಹೆಜ್ಜೆ ಇಡುತ್ತಿದ್ದೆ. ಅದರ ಕಿವಿ ನನ್ನ ಕಡೆ ತಿರುಗಿ, ಕಾಲು ಕದಲದೆ ನಿಂತರೆ ಆ ಕ್ಷಣವೇ ಹಿಂದೆ ಸರಿಯುತ್ತಿದ್ದೆ. ನಿಂತರೆ ಈ ಮನುಷ್ಯ ದೂರ ಹೋಗುತ್ತಾನೆ ಅನ್ನುವುದು ಅದಕ್ಕೆ ಅರ್ಥವಾಯಿತು. ಓಡುವ ಅಗತ್ಯ ಕಡಿಮೆಯಾದಂತೆ ಗೆರೆ ಕಿರಿದಾಯಿತು. ಹತ್ತಡಿ, ಆರಡಿ, ಕೊನೆಗೆ ಕೈಯಳತೆ.

ಹಗ್ಗಕ್ಕೂ ಅದೇ ಲೆಕ್ಕ. ಕತ್ತಿನ ಹಗ್ಗವನ್ನು ಜಗ್ಗದೆ, ಸ್ವಲ್ಪವೇ ಬಿಗಿ ಮಾಡಿ ಕಾಯಿರಿ. ಒಂದು ಗೊರಸು ಮುಂದಕ್ಕೆ ಎದ್ದ ಕೂಡಲೇ ಸಡಿಲ ಬಿಡಿ. ಹೆಜ್ಜೆ ಇಟ್ಟ ಮೇಲೂ ಎಳೆಯುತ್ತಿದ್ದರೆ ಹೆಜ್ಜೆ ಇಟ್ಟು ಪ್ರಯೋಜನವಿಲ್ಲ ಎಂದು ಕಲಿಯುತ್ತದೆ. ಅದು ಹಿಂದಕ್ಕೆ ಜಗ್ಗಿದಾಗ ನೀವು ಕೈಬಿಟ್ಟರೆ ಜಗ್ಗಿದರೆ ಬಿಡುಗಡೆ ಎಂದು ಕಲಿಯುತ್ತದೆ. ನಾವು ಸಡಿಲಿಸುವ ಒಂದು ಚಿಟಿಕೆಯ ಹೊತ್ತಿನಲ್ಲಿ ದನ ಏನು ಮಾಡುತ್ತಿತ್ತೋ ಅದೇ ಅದರ ತಲೆಯಲ್ಲಿ ಉಳಿಯುವ ಪಾಠ. ಹಳೆಯ ಹೋರಿಗೆ ನಾನು ಈ ಸಡಿಲವನ್ನು ಒಮ್ಮೆಯೂ ಕೊಟ್ಟಿರಲಿಲ್ಲ.

5. ಮೊದಲ ಸ್ಪರ್ಶ ಗಂಗೆದೊಗಲಿಗೆ

ನಾವು ಪ್ರೀತಿ ಬಂದರೆ ಹಣೆ ತಟ್ಟುತ್ತೇವೆ. ಹೋರಿಗೆ ಹಣೆ ಎಂದರೆ ಗುಮ್ಮುವ ಜಾಗ, ಅಲ್ಲಿ ತಟ್ಟಬೇಡಿ. ದನಗಳು ಪರಸ್ಪರ ನೆಕ್ಕುವುದನ್ನು ಗಮನಿಸಿ. ಕುತ್ತಿಗೆ, ಅದರ ಕೆಳಗಿನ ಗಂಗೆದೊಗಲು, ಹಿಣಿಲಿನ ಬುಡ. ನಮ್ಮ ಕೈಯೂ ಅಲ್ಲಿಗೇ ಹೋಗಬೇಕು. ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಕುತ್ತಿಗೆಯ ಕೆಳಭಾಗ ಸವರಿದಾಗ ಹಸುಗಳು ಕತ್ತು ಚಾಚಿ, ಕಿವಿ ಜೋತುಬಿಟ್ಟು ನಿಂತದ್ದು ಕಂಡುಬಂತು.

ಇಪ್ಪತ್ತಮೂರನೆಯ ದಿನ ನಾನು ಬೇಯಿಸಿದ ಹುರುಳಿಯ ಬೋಗುಣಿ ಹಿಡಿದು ಕೂತಿದ್ದೆ. ಬೂದ ಕತ್ತು ಉದ್ದ ಮಾಡಿ, ಕಾಲು ಹಿಂದೆಯೇ ಊರಿಕೊಂಡು, ನನ್ನ ಮುಂಗೈ ಮೂಸಿತು. ಬಿಸಿ ಉಸಿರು, ಒದ್ದೆ ಮೂಗು. ನಾನು ಕೈ ಕದಲಿಸಲಿಲ್ಲ. ಅದೇ ಮೂಸಿ, ಅದೇ ಹಿಂದೆ ಸರಿದು, ಅದೇ ಮತ್ತೆ ಬಂತು. ಮೂರನೆಯ ಸಲ ಬಂದಾಗ ಬೆರಳ ಹಿಂಬದಿಯಿಂದ ಗಂಗೆದೊಗಲನ್ನು ಎರಡು ಸಲ ಸವರಿ, ನಾನೇ ಮೊದಲು ಕೈ ತೆಗೆದೆ. ಸಾಕು ಅನ್ನಿಸುವ ಮೊದಲೇ ಬಿಟ್ಟರೆ ಬೇಕು ಅನ್ನಿಸುತ್ತದೆ.

6. ಹೆದರಿಸುವ ವಸ್ತುವನ್ನು ಬಚ್ಚಿಡಬೇಡಿ

ನಮ್ಮ ಊರಿನ ದೊಡ್ಡ ಭೂತ ಚಂದ್ರಂಕಿ. ರೇಷ್ಮೆಹುಳು ಹಣ್ಣಾದಾಗ, ಅದು ಗೂಡು ಕಟ್ಟುವ ಆಳೆತ್ತರದ ಬಿದಿರ ಚಂದ್ರಂಕಿಗಳನ್ನು ತಲೆ ಮೇಲೆ ಹೊತ್ತು ಓಡಾಡುತ್ತೇವೆ. ದನದ ಕಣ್ಣಿಗೆ ಅದು ಗೋಡೆಯೇ ಎದ್ದು ನಡೆದು ಬಂದಂತೆ. ಮೊದಲ ಸಲ ನೋಡಿ ಬೂದ ಗೂಟ ಕಿತ್ತಿತು. ಆಗ ಒಂದು ಚಂದ್ರಂಕಿಯನ್ನು ಕೊಟ್ಟಿಗೆಯಿಂದ ದೂರದ ಗೋಡೆಗೆ ಒರಗಿಸಿ ಮೂರು ದಿನ ಹಾಗೇ ಬಿಟ್ಟೆ. ದಿನಕ್ಕೆರಡು ಮಾರು ಹತ್ತಿರ ತಂದೆ. ಆಮೇಲೆ ಅಲುಗಾಡಿಸಿದೆ, ಆಮೇಲೆ ಹೊತ್ತು ನಡೆದೆ. ಅದು ಕಿವಿ ಇಳಿಸಿದಾಗಲೆಲ್ಲ ಚಂದ್ರಂಕಿ ದೂರ ಹೋಗುತ್ತಿತ್ತು. ಎರಡು ವಾರಕ್ಕೆ ಅದಕ್ಕೇ ಮೈ ಉಜ್ಜಿಕೊಳ್ಳತೊಡಗಿತು. ದೇವನಹಳ್ಳಿ ಕಡೆ ಇಳಿಯುವ ವಿಮಾನ, ಬೈಕಿನ ಹಾರನ್ನು, ಬಾಯಿಗೆ ಹಾಕುವ ಕುಕ್ಕೆ, ಎಲ್ಲಕ್ಕೂ ಇದೇ ಕ್ರಮ.

ನಡುವೆ ಬೆದರಿದರೆ ಆ ದಿನದ ಪಾಠ ನಿಲ್ಲಿಸಿ. ಬೆದರಿದ ದನದ ಮೈ ತಣ್ಣಗಾಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಷ್ಟರೊಳಗೆ ಒತ್ತಾಯ ಮಾಡಿದರೆ ಭಯದ ಮೇಲೆ ಭಯ ಪೇರಿಸಿದಂತೆ.

7. ಹಳೆಯ ಎತ್ತೇ ಮೇಷ್ಟ್ರು

ದನ ಹಿಂಡಿನ ಪ್ರಾಣಿ. ಪಕ್ಕದವನು ನಿರಾಳವಾಗಿದ್ದರೆ ತಾನೂ ನಿರಾಳ. ನಮ್ಮ ಹನುಮನಿಗೆ ಹದಿಮೂರು ವರ್ಷ, ಹಲ್ಲೆಲ್ಲ ಬಂದು ಬಾಯಿಗೂಡಿ ಎಷ್ಟೋ ಕಾಲವಾಗಿತ್ತು. ಒಂದು ತಿಂಗಳು ಬೂದನನ್ನು ಹನುಮನ ಪಕ್ಕದಲ್ಲೇ ಕಟ್ಟಿದೆ, ಒಟ್ಟಿಗೇ ಕೊಳದ ನೀರಿಗೆ ಹೊಡೆದುಕೊಂಡು ಹೋದೆ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಡೆದೆವು. ಖಾಲಿ ನೊಗವನ್ನು ಮೂಸಲು ಬಿಟ್ಟು, ಹೆಗಲಿಗೆ ಕ್ಷಣಕಾಲ ಇಟ್ಟು ತೆಗೆದು, ನೊಗದಲ್ಲೇ ಸುಮ್ಮನೆ ನಡೆಸಿ, ಹಿಂದೆ ಹಗ್ಗ ಎಳೆದಾಡಿಸಿ, ಸಣ್ಣ ಮರದ ತುಂಡು ಕಟ್ಟಿ, ಕಡೆಗೆ ಮಳೆ ಬಿದ್ದ ಮೆತ್ತನೆ ಮಣ್ಣಿನಲ್ಲಿ ಕುಂಟೆ. ದಿನಕ್ಕೆ ಹದಿನೈದು ನಿಮಿಷ ಮಾತ್ರ, ಚೆನ್ನಾಗಿ ನಡೆದಾಗಲೇ ಬಿಚ್ಚುವುದು. ಪುಷ್ಯದಲ್ಲಿ ತಂದ ಹೋರಿ ಮುಂಗಾರಿಗೆ ನೊಗಕ್ಕೆ ಬಂತು.

ಇದು ನಿಧಾನ ಎನ್ನುವವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. ಸುಮಾರು 3,400 ವರ್ಷದ ಹಿಂದೆ ಮಿತನ್ನಿ ನಾಡಿನ ಕಿಕ್ಕುಲಿ ಎಂಬ ಕುದುರೆ ತರಬೇತುದಾರ ರಥದ ಕುದುರೆಗಳನ್ನು ದಿನದಿನವೂ ಎಷ್ಟು ನಡೆಸಬೇಕು, ಎಷ್ಟು ಓಡಿಸಬೇಕೆಂದು ಹೇಳಿದ್ದು ಮಣ್ಣಿನ ಹಲಗೆಗಳ ಮೇಲೆ ಉಳಿದಿದೆ. ಆ ಕ್ರಮ ಆರು ತಿಂಗಳಿಗೂ ಮೀರಿ ನಡೆಯುತ್ತದೆ. ಸುತ್ತುಗಳನ್ನು ಎಣಿಸಲು ಅವನು ಬಳಸಿದ ಪದಗಳು ನಮ್ಮ ಏಕ, ಪಂಚ, ಸಪ್ತಗಳ ನೆಂಟರು.

8. ಮೂಗುದಾರ ಕೊನೆಯ ಮಾತಾಗಲಿ

ಮೂಗು ಚುಚ್ಚಿಸುವುದು ನಂಬಿಕೆ ಬಂದ ಮೇಲೆ, ಪಶುವೈದ್ಯರ ಕೈಯಲ್ಲಿ. ಗಾಯ ಪೂರ್ತಿ ಮಾಯುವವರೆಗೆ ದಾರಕ್ಕೆ ಕೈ ಹಾಕಬೇಡಿ. ಮೂಗುದಾರದಿಂದ ಗೂಟಕ್ಕೆ ಕಟ್ಟಲೇಬೇಡಿ, ಬೆದರಿ ಜಗ್ಗಿದರೆ ಮೂಗೇ ಹರಿಯುತ್ತದೆ. ಮೊದಲು ಮಾತು, ಆಮೇಲೆ ಕತ್ತಿನ ಹಗ್ಗ, ಏನೂ ಆಗದಿದ್ದರೆ ಮಾತ್ರ ಮೂಗುದಾರ. ಬೂದನಿಗೆ 'ಹೋ' ಅಂದರೆ ನಿಲ್ಲಬೇಕೆಂದು ಗೊತ್ತು. ದಾರ ಇದೆ, ಅದನ್ನು ಎಳೆಯುವ ಪ್ರಸಂಗ ಬರುವುದು ಅಪರೂಪ.

9. ಹಠ ಅನ್ನಿಸಿದರೆ ನೋವು ಹುಡುಕಿ

ಒಂದು ಬೆಳಿಗ್ಗೆ ಬೂದ ನೊಗಕ್ಕೆ ಹೆಗಲು ಕೊಡಲಿಲ್ಲ. ಸಿಟ್ಟು ಬಂತು, ಬಾರುಕೋಲು ಕೈಗೆ ಬಂದೇ ಬಿಟ್ಟಿತ್ತು. ಅದನ್ನು ಕೆಳಗಿಟ್ಟು ಹೆಗಲು ಒತ್ತಿ ನೋಡಿದರೆ ಹುಣಸೆಬೀಜದಷ್ಟು ಜಾಗ ಬಿಸಿಯಾಗಿ ಊದಿತ್ತು. ಹೆಗಲು ಬಾವಿನ ಮೊದಲ ಸುಳಿವು. ನೊಗದ ಒಂದು ಸೀಳು ಅಲ್ಲೇ ಒತ್ತುತ್ತಿತ್ತು. ಹತ್ತು ದಿನ ವಿಶ್ರಾಂತಿ ಕೊಟ್ಟು, ನೊಗ ಹೆರೆಸಿ ನುಣುಪು ಮಾಡಿಸಿದೆ. ಗೊರಸಿನ ಸಂದು, ಉಣ್ಣೆ, ಕೊಂಬಿನ ಬುಡ, ಇವನ್ನೂ ದಿನಾ ನೋಡಬೇಕು. ನಮ್ಮ ದೇಶದಲ್ಲಿ 1965ರಿಂದಲೇ ದುಡಿಯುವ ದನಗಳಿಗೆ ನಿಯಮವಿದೆ. ದಿನಕ್ಕೆ ಒಂಬತ್ತು ಗಂಟೆ ಮೀರಿ ದುಡಿಸುವಂತಿಲ್ಲ, ಬಿಡುವಿಲ್ಲದೆ ಐದು ಗಂಟೆ ಮೀರುವಂತಿಲ್ಲ, ಮೊಳೆ ಹೊಡೆದ ಕೋಲು ಬಳಸುವಂತಿಲ್ಲ. ಪ್ರೀತಿಯಿರುವವನಿಗೆ ಈ ನಿಯಮ ಭಾರವಲ್ಲ.

10. ಮುದ್ದು ಬೇರೆ, ನಂಬಿಕೆ ಬೇರೆ

ಭಯ ಹೋದ ಹೋರಿಗೆ ಮರ್ಯಾದೆಯೂ ಹೋದರೆ ಅದು ಅಪಾಯ. ಬೆಲ್ಲಕ್ಕಾಗಿ ಜೇಬಿಗೆ ಮೂತಿ ತುರುಕಲು, ಆಟಕ್ಕೆ ತಲೆ ಕೊಟ್ಟು ಗುದ್ದಲು ಬಿಡಬೇಡಿ. ಕರುವಿನ ಗುದ್ದು ಚಂದ, ಎರಡು ವರ್ಷದ ಮೇಲೆ ಅದೇ ಗುದ್ದು ಪಕ್ಕೆಲುಬು ಮುರಿಯುತ್ತದೆ. ತಿಂಡಿಯನ್ನು ಬೋಗುಣಿಯಲ್ಲಿ ಕೊಡಿ. ಮೇಲೆ ಬಿದ್ದರೆ ನಿಂತ ಜಾಗ ಬಿಡದೆ, ಹೊಡೆಯದೆ, ಕೈ ಅಗಲಿಸಿ ಹಿಂದೆ ಕಳಿಸಿ. ಅದು ಸರಿದ ಕೂಡಲೇ ನೀವೂ ಸಡಿಲಾಗಿ. ಎಲ್ಲಿಯವರೆಗೆ ಬರಬಹುದು ಎಂದು ತಿಳಿದ ಪ್ರಾಣಿಗೆ ಮನಸ್ಸು ಹಗುರ.

ಕಳೆದ ಮಳೆಗಾಲ ಹನುಮ, ಬೂದ ಜೋಡಿಯನ್ನು ಹಿಪ್ಪುನೇರಳೆ ಸಾಲಿಗೆ ಇಳಿಸಿದ್ದೆ. ಅರ್ಧ ಸಾಲು ದಾಟುವಾಗ ಬೂದನ ಕಡೆಯ ಜೊತ್ತಿಗೆ ಕಿತ್ತಿತು. ನೊಗ ಜಾರಿತು, ಕುಂಟೆ ಓರೆಯಾಗಿ ಅದರ ಹಿಂಗಾಲಿಗೆ ತಾಗಿತು. ಇಪ್ಪತ್ತೆರಡು ವರ್ಷದ ಹಿಂದಿನ ಅದೇ ಸದ್ದು. ಗಾಬರಿಯಲ್ಲಿ ನನ್ನ ಕೈಯಿಂದ ಹಗ್ಗ ಬಿದ್ದುಹೋಯಿತು. ಬೂದನ ಮೈ ಒಮ್ಮೆ ಕಂಪಿಸಿತು, ಕಿವಿ ಹಿಂದಕ್ಕೆ ತಿರುಗಿತು. ನಾನು 'ಹೋ' ಅಂದೆ. ನನಗೇ ಕೇಳಿಸದಷ್ಟು ಸಣ್ಣದಾಗಿ ಬಂತು ದನಿ. ಅದು ನಿಂತಿತು. ಕತ್ತು ತಿರುಗಿಸಿ, ನಾನು ಕುಂಟೆ ಎತ್ತಿ ಕಾಲು ಬಿಡಿಸುವವರೆಗೂ ನನ್ನನ್ನೇ ನೋಡುತ್ತ ನಿಂತಿತ್ತು. ಹಗ್ಗ ನೆಲದಲ್ಲೇ ಬಿದ್ದಿತ್ತು.