ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲದಿದ್ದಾಗ

ಹೋದ ವಾರ ನಿಮ್ಮಲ್ಲೊಬ್ಬರು ನನ್ನ ಹತ್ತಿರ ಬಂದು, "ಬ್ರದರ್, ಮನಸ್ಸೇ ನಿಲ್ಲಲ್ಲ, ಅದಕ್ಕೇ ಪ್ರಾರ್ಥನೆ ಬಿಟ್ಟೆ" ಅಂದ್ರು. ನನ್ನ ಕಥೆ ಕೇಳಿ. ಒಂದು ದಿನ ಬೆಳಿಗ್ಗೆ 5ಕ್ಕೆ ಮೊಣಕಾಲೂರಿದೆ. "ಸ್ತೋತ್ರ ಕರ್ತನೇ" ಅಂದೆ, ಅಷ್ಟೇ. ಮನಸ್ಸು ಇಎಂಐಗೆ ಹೋಯ್ತು, ಅಲ್ಲಿಂದ ಆಫೀಸಿಗೆ, ಆಮೇಲೆ ನಿದ್ದೆ! ಆ ಭಾನುವಾರ ವಾಕ್ಯ ಹೇಳೋಕೆ ನನಗೇ ನಾಚಿಕೆಯಾಯ್ತು.

ಮಾರ್ಕ 14ನೇ ಅಧ್ಯಾಯ ತೆಗೆಯಿರಿ, 32ರಿಂದ 42. ಗೆತ್ಸೆಮನೆ ತೋಟ. ಪೇತ್ರ, ಯಾಕೋಬ, ಯೋಹಾನ. ಬೆಟ್ಟದ ಮೇಲೆ ಯೇಸುವಿನ ಮಹಿಮೆಯನ್ನು ಕಣ್ಣಾರೆ ಕಂಡ ಅದೇ ಮೂವರು ಇಲ್ಲಿ ನಿದ್ದೆ ಹೋದರು. ಯಾಕೆ ಅಂತ ಲೂಕ 22:45 ನೋಡಿ: ದುಃಖದಿಂದ. ಎಷ್ಟೋ ವರ್ಷ ಓದಿಯೂ ಇದನ್ನು ನಾನು ಗಮನಿಸಿರಲಿಲ್ಲ. ಅದು ಬರೀ ಸೋಮಾರಿತನ ಅಲ್ಲ, ಭಾರ.

ಹಾಗಂತ ಯೇಸು ಸುಮ್ಮನಿರಲಿಲ್ಲ. ಪೇತ್ರನನ್ನು ಸೀಮೋನ ಅಂತ ಹಳೇ ಹೆಸರಿಂದಲೇ ಕರೆದು ಪ್ರಶ್ನಿಸಿದನು. ಎಚ್ಚರವಾಗಿರಲು ಹೇಳಿದನು. ಆದರೆ ಶರೀರದ ಬಲಹೀನತೆಯನ್ನು ಹೇಳಿದವನೂ ಆತನೇ. ಮೂರು ಸಾರಿ ಅವರ ಬಳಿಗೆ ಬಂದನು. ಕೊನೆಗೂ ಅವರನ್ನು ಕೈಬಿಡದೆ ಎಬ್ಬಿಸಿ ಜೊತೆಗೇ ಹೊರಡಿಸಿದನು.

ಈಗ ನಾನು ಫೋನನ್ನು ಅಡುಗೆಮನೆಯಲ್ಲಿಟ್ಟು, ನಡೆದಾಡ್ತಾ ಪ್ರಾರ್ಥಿಸ್ತೀನಿ. ಇಎಂಐ ನೆನಪಾದ್ರೆ ಅದನ್ನೇ ಕರ್ತನಿಗೆ ಹೇಳ್ತೀನಿ. ಮಾತೇ ಬರದಿದ್ರೆ ರೋಮಾಪುರದವರಿಗೆ 8:26 ನೆನಪು ಮಾಡ್ಕೊಂಡು ಸುಮ್ಮನೆ ಕೂತ್ಕೊಳ್ತೀನಿ, ಪವಿತ್ರಾತ್ಮನು ನನಗೋಸ್ಕರ ಬೇಡಿಕೊಳ್ತಾನೆ. ನಿನ್ನೆನೂ ಮನಸ್ಸು ಏಳೆಂಟು ಸಾರಿ ಓಡಿಹೋಯ್ತು. ಪ್ರತಿ ಸಾರಿ ವಾಪಸ್ ಕರ್ಕೊಂಡು ಬಂದೆ.

ಬನ್ನಿ, ಎದ್ದು ನಿಂತು ಪ್ರಾರ್ಥಿಸೋಣ.