ಜಾಲವಿಳಾಸದ ಪಥಶೋಧನೆ: ಸಿ ಭಾಷೆಯಲ್ಲೊಂದು ಪಾಠ

ಪತ್ರವನ್ನು ಬರೆದವನು ಎಷ್ಟೇ ವಿದ್ವಾಂಸನಾಗಿರಲಿ, ಮೇಲುವಿಳಾಸ ತಪ್ಪಿದರೆ ಅದು ಸೇರಬೇಕಾದ ಕೈಯನ್ನು ಸೇರದು. ಸೇರಬಾರದ ಕೈಯನ್ನು ಸೇರಿದರಂತೂ ಅದಕ್ಕಿಂತಲೂ ಅನರ್ಥ. ಈ ಮಾತು ಅಂಚೆಗೆ ಎಷ್ಟು ಸತ್ಯವೋ ಗಣಕಯಂತ್ರಗಳ ಜಾಲಕ್ಕೂ ಅಷ್ಟೇ ಸತ್ಯ. ಜಾಲದಲ್ಲಿರುವ ಪ್ರತಿಯೊಂದು ಪುಟಕ್ಕೂ ಚಿತ್ರಕ್ಕೂ ಒಂದು ವಿಳಾಸವುಂಟು, ಅದನ್ನು ಯು.ಆರ್.ಎಲ್. ಎಂದು ಕರೆಯುವುದು ರೂಢಿ. ಆ ವಿಳಾಸದೊಳಗಿನ ಪಥವನ್ನು ಬಿಡಿಸಿ, ಅನಾವಶ್ಯಕ ಭಾಗಗಳನ್ನು ಕಳೆದು, ಶುದ್ಧರೂಪಕ್ಕೆ ತರುವ ವಿಧಾನವೇ ಪ್ರಕೃತ ಲೇಖನದ ವಿಷಯ. ಕೆಲವೇ ಸಾಲುಗಳ ಕ್ರಮವಿಧಿಯಿಂದ ಮುಗಿಯುವ ಕೆಲಸವಿದು. ಆದರೂ ಇದರಲ್ಲಿ ಕ್ರಮ ತಪ್ಪಿದ ಕಾರಣದಿಂದ ಕಾಪಾಡಬೇಕಾದ ಕಡತಗಳು ಪರರ ಪಾಲಾಗುವ ಅಪಾಯ ಒದಗಿದುದುಂಟು. ಆದುದರಿಂದ ಗಣಕವಿಜ್ಞಾನವನ್ನು ಬೋಧಿಸುವ ಅಧ್ಯಾಪಕರೂ, ಅದನ್ನು ಕಲಿತು ಉದ್ಯೋಗದಲ್ಲಿ ತೊಡಗಿರುವ ಹಳೆಯ ವಿದ್ಯಾರ್ಥಿಗಳೂ ಇದನ್ನು ವ್ಯಾಕರಣದ ಪಾಠದಂತೆ ನಿಧಾನವಾಗಿ ಅಭ್ಯಸಿಸುವುದು ಯುಕ್ತ.

ಪೂರ್ವೇತಿಹಾಸ

ಪಥವನ್ನು ಓರೆಗೆರೆಗಳಿಂದ ವಿಭಾಗಿಸಿ ಬರೆಯುವ ಪದ್ಧತಿ ಜಾಲದೊಂದಿಗೆ ಹುಟ್ಟಿದುದಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು 1969ರಿಂದ ರೂಪಿಸತೊಡಗಿದ ಯೂನಿಕ್ಸ್ ವ್ಯವಸ್ಥೆಯಲ್ಲಿ ಕಡತಗಳನ್ನು ಮರದ ಕೊಂಬೆರೆಂಬೆಗಳಂತೆ ಕೋಶದೊಳಗೆ ಕೋಶವಾಗಿ ಜೋಡಿಸಲಾಗುತ್ತದೆ. ಅಲ್ಲಿ ಒಂಟಿ ಚುಕ್ಕೆಯೆಂದರೆ ‘ಇದೇ ಕೋಶ’, ಜೋಡಿ ಚುಕ್ಕೆಯೆಂದರೆ ‘ಇದರ ಮೇಲಿನ ಕೋಶ’ ಎಂದರ್ಥ. ರಿಚಿಯವರು ನಿರ್ಮಿಸಿದ ಸಿ ಭಾಷೆಯಲ್ಲಿ ಯೂನಿಕ್ಸಿನ ತಿರುಳನ್ನು 1973ರಲ್ಲಿ ಮರಳಿ ಬರೆಯಲಾಯಿತು. ಅಂದಿನಿಂದ ಈ ಎರಡು ಚಿಹ್ನೆಗಳೂ ಆ ಭಾಷೆಯೂ ಒಂದನ್ನೊಂದು ಬಿಟ್ಟಿಲ್ಲ.

1989ರಲ್ಲಿ ಜಿನೀವಾ ನಗರದ ಬಳಿಯ ಸೆರ್ನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ಜಾಲದ ಯೋಜನೆಯನ್ನು ಮುಂದಿಟ್ಟರು. ಮುಂದೆ ಜಾಲದ ವಿಳಾಸಗಳಲ್ಲಿಯೂ ಯೂನಿಕ್ಸಿನ ಓರೆಗೆರೆ ಮತ್ತು ಚುಕ್ಕೆಗಳೇ ನೆಲೆಗೊಂಡವು. ವಿಳಾಸದ ಸ್ವರೂಪವನ್ನು ನಿರೂಪಿಸುವ ದಾಖಲೆ 1994ರ ಡಿಸೆಂಬರಿನಲ್ಲಿಯೂ, ಸಾಪೇಕ್ಷ ವಿಳಾಸಗಳನ್ನು ಕುರಿತ ದಾಖಲೆ 1995ರ ಜೂನಿನಲ್ಲಿಯೂ ಪ್ರಕಟವಾದುವು. 1998ರಲ್ಲಿ ಅವು ಪರಿಷ್ಕೃತಗೊಂಡುವು. ಕೊನೆಗೆ 2005ರ ಜನವರಿಯಲ್ಲಿ ಬರ್ನರ್ಸ್-ಲೀ, ರಾಯ್ ಫೀಲ್ಡಿಂಗ್, ಲ್ಯಾರಿ ಮಾಸಿಂಟರ್ ಈ ಮೂವರ ಹೆಸರಿನಲ್ಲಿ ಆರ್.ಎಫ್.ಸಿ. 3986 ಎಂಬ ನಿಯಮಾವಳಿ ಹೊರಬಂದಿತು. ಪ್ರಕೃತ ವಿವೇಚನೆಗೆ ಅದೇ ಆಧಾರ.

ವಿಳಾಸದ ಅಂಗಗಳು

ಪದವನ್ನು ಪ್ರಕೃತಿ, ಪ್ರತ್ಯಯಗಳಾಗಿ ಬಿಡಿಸದೆ ಅರ್ಥ ಹೇಳಲಾಗದು. ಅಂತೆಯೇ ವಿಳಾಸವನ್ನು ಮೊದಲು ಅದರ ಅಂಗಗಳಾಗಿ ಬಿಡಿಸಬೇಕು. ಅಂಗಗಳು ಐದು: ವ್ಯವಹಾರದ ವಿಧವನ್ನು ತಿಳಿಸುವ ಮೊದಲ ಭಾಗ; ಆತಿಥೇಯ ಯಂತ್ರದ ಹೆಸರು; ಪಥ; ಪ್ರಶ್ನಾರ್ಥಕ ಚಿಹ್ನೆಯ ಮುಂದಿನ ಪ್ರಶ್ನಭಾಗ; ಹ್ಯಾಷ್ ಚಿಹ್ನೆಯ ಮುಂದಿನ ಉಪಾಂಗ. ಚುಕ್ಕೆಗಳ ನಿಯಮ ಅನ್ವಯಿಸುವುದು ಪಥಕ್ಕೆ ಮಾತ್ರ. ಪ್ರಶ್ನಭಾಗದಲ್ಲಿ ಜೋಡಿ ಚುಕ್ಕೆಯೂ ಓರೆಗೆರೆಯೂ ಕಂಡುಬಂದರೂ ಅವುಗಳನ್ನು ಮುಟ್ಟಲಾಗದು. ವಿದ್ಯಾರ್ಥಿಗಳು ಬರೆಯುವ ಕ್ರಮವಿಧಿಗಳಲ್ಲಿ ಇಡೀ ವಿಳಾಸವನ್ನು ಒಂದೇ ಸರಣಿಯೆಂದು ಬಗೆದು ಚುಕ್ಕೆಗಳನ್ನು ಕಳೆಯಹೊರಡುವುದೇ ಮೊದಲ ದೋಷ.

ಸಾಪೇಕ್ಷ ವಿಳಾಸದ ಜೋಡಣೆ

ಒಂದು ಪುಟದೊಳಗಿಂದ ಮತ್ತೊಂದು ಪುಟವನ್ನು ನಿರ್ದೇಶಿಸುವಾಗ ಪೂರ್ಣ ವಿಳಾಸವನ್ನು ಬರೆಯುವ ಅಗತ್ಯವಿಲ್ಲ. ಓದುತ್ತಿರುವ ಪುಟದ ಪಥ ‘/ಶಾಲೆ/ಸಂಚಿಕೆ/ಲೇಖನ’ ಎಂದಿರಲಿ. ಅದರಲ್ಲಿ ‘../ಚಿತ್ರ/ಮಠ’ ಎಂಬ ಸಾಪೇಕ್ಷ ವಿಳಾಸವಿದ್ದರೆ ಅದನ್ನು ಹೀಗೆ ಜೋಡಿಸಬೇಕು. ಆಧಾರಪಥದಲ್ಲಿ ಕಡೆಯ ಓರೆಗೆರೆಯವರೆಗಿನ ಭಾಗವನ್ನು ಉಳಿಸಿಕೊಂಡು ಮುಂದಿನದನ್ನು ಬಿಡಬೇಕು, ಉಳಿಯುವುದು ‘/ಶಾಲೆ/ಸಂಚಿಕೆ/’. ಅದರ ಮುಂದೆ ಸಾಪೇಕ್ಷ ವಿಳಾಸವನ್ನು ಸೇರಿಸಿದರೆ ‘/ಶಾಲೆ/ಸಂಚಿಕೆ/../ಚಿತ್ರ/ಮಠ’ ಎಂದಾಗುತ್ತದೆ. ಚುಕ್ಕೆಗಳನ್ನು ಕಳೆದ ಮೇಲೆ ಸಿದ್ಧಿಸುವ ರೂಪ ‘/ಶಾಲೆ/ಚಿತ್ರ/ಮಠ’.

ಇದಕ್ಕೆ ಅಪವಾದಗಳುಂಟು. ಸಾಪೇಕ್ಷ ವಿಳಾಸವು ಒಂದೇ ಓರೆಗೆರೆಯಿಂದ ಆರಂಭವಾದರೆ ಆಧಾರಪಥವನ್ನು ಪೂರ್ತಿಯಾಗಿ ಬಿಡಬೇಕು. ಎರಡು ಓರೆಗೆರೆಗಳಿಂದ ಆರಂಭವಾದರೆ ಮುಂದಿರುವುದು ಬೇರೊಂದು ಆತಿಥೇಯದ ಹೆಸರೆಂದು ತಿಳಿಯಬೇಕು. ಪಥವೇ ಇಲ್ಲದೆ ಪ್ರಶ್ನಭಾಗ ಮಾತ್ರವಿದ್ದರೆ ಆಧಾರಪಥವನ್ನು ಹಾಗೆಯೇ ಉಳಿಸಿಕೊಳ್ಳಬೇಕು.

ಚುಕ್ಕೆಗಳ ಲೋಪ

ಓರೆಗೆರೆಗಳ ನಡುವಣ ಭಾಗವನ್ನು ಖಂಡವೆಂದು ಕರೆಯೋಣ. ಲೋಪದ ನಿಯಮಗಳನ್ನು ಐದಾಗಿ ಸಂಗ್ರಹಿಸಬಹುದು.

ಒಂದು: ಒಂಟಿ ಚುಕ್ಕೆಯ ಖಂಡ ಲೋಪವಾಗುತ್ತದೆ.

ಎರಡು: ಜೋಡಿ ಚುಕ್ಕೆಯ ಖಂಡ ತಾನೂ ಲೋಪವಾಗಿ, ತನ್ನ ಹಿಂದಿನ ಖಂಡವನ್ನೂ ಲೋಪಗೊಳಿಸುತ್ತದೆ. ‘ಊರು’ ಎಂಬುದರ ಮುಂದೆ ‘ಅಲ್ಲಿ’ ಬಂದಾಗ ಹಿಂದಿನ ಉಕಾರ ಲೋಪವಾಗಿ ‘ಊರಲ್ಲಿ’ ಎಂದಾಗುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ಭೇದವಿಷ್ಟೇ: ಅಲ್ಲಿ ಪರಪದ ಉಳಿಯುತ್ತದೆ, ಇಲ್ಲಿ ಅದೂ ಉಳಿಯುವುದಿಲ್ಲ.

ಮೂರು: ಹಿಂದೆ ಯಾವ ಖಂಡವೂ ಇಲ್ಲದಿದ್ದರೆ ಜೋಡಿ ಚುಕ್ಕೆ ತಾನೊಂದೇ ಲೋಪವಾಗುತ್ತದೆ, ಮೂಲವನ್ನು ಮೀರಿ ಮೇಲೇರುವುದಕ್ಕೆ ಅವಕಾಶವಿಲ್ಲ. 1998ರ ದಾಖಲೆಯಲ್ಲಿ ಇಂತಹ ಹೆಚ್ಚುವರಿ ಚುಕ್ಕೆಗಳನ್ನು ಉಳಿಸಿಕೊಳ್ಳುವುದಕ್ಕೂ ಕಳೆಯುವುದಕ್ಕೂ ವಿಕಲ್ಪವಿದ್ದಿತು. 2005ರ ನಿಯಮಾವಳಿಯು ಆ ವಿಕಲ್ಪವನ್ನು ತೆಗೆದುಹಾಕಿ ಲೋಪವನ್ನೇ ವಿಧಿಸಿತು.

ನಾಲ್ಕು: ಪಥವು ಚುಕ್ಕೆಯ ಖಂಡದಿಂದಲೇ ಮುಗಿದರೆ ಕೊನೆಯ ಓರೆಗೆರೆ ಉಳಿಯಬೇಕು. ‘/ಶಾಲೆ/ಸಂಚಿಕೆ/..’ ಎಂಬುದು ‘/ಶಾಲೆ/’ ಎಂದಾಗುವುದೇ ಹೊರತು ‘/ಶಾಲೆ’ ಎಂದಲ್ಲ.

ಐದು: ಇಡೀ ಖಂಡವೇ ಚುಕ್ಕೆಯಾಗಿದ್ದಾಗ ಮಾತ್ರ ಲೋಪ. ಮೂರು ಚುಕ್ಕೆಗಳ ಖಂಡವಾಗಲಿ, ‘ಮಠ..ಚಿತ್ರ’ ಎಂಬಂತಹ ಖಂಡವಾಗಲಿ ಸಾಮಾನ್ಯ ಹೆಸರುಗಳೇ.

ಸಿ ಭಾಷೆಯಲ್ಲಿ ರಚನೆ

ಲೋಪದಿಂದ ಪಥವು ಕುಗ್ಗಬಹುದೇ ವಿನಾ ಬೆಳೆಯಲಾರದು. ಆದಕಾರಣ ಸಿ ಭಾಷೆಯಲ್ಲಿ ಈ ಕೆಲಸಕ್ಕೆ ಎರಡನೆಯ ಸರಣಿಯೊಂದು ಬೇಕಿಲ್ಲ. ಒಂದೇ ಸರಣಿಯಲ್ಲಿ ಎರಡು ಪಾಯಿಂಟರುಗಳು ಸಾಕು. ಒಂದು ಓದುತ್ತ ಸಾಗುವುದು, ಇನ್ನೊಂದು ಬರೆಯುತ್ತ ಹಿಂಬಾಲಿಸುವುದು. ಸಾಮಾನ್ಯ ಖಂಡ ಬಂದರೆ ಅದನ್ನು ಓದಿದ ಸ್ಥಾನದಿಂದ ಬರೆಯುವ ಸ್ಥಾನಕ್ಕೆ ಪ್ರತಿಮಾಡಬೇಕು. ಒಂಟಿ ಚುಕ್ಕೆ ಬಂದರೆ ಓದುವ ಪಾಯಿಂಟರ್ ಮಾತ್ರ ಮುಂದೆ ಸರಿಯಬೇಕು. ಜೋಡಿ ಚುಕ್ಕೆ ಬಂದರೆ ಬರೆಯುವ ಪಾಯಿಂಟರ್ ಹಿಂದಿನ ಓರೆಗೆರೆಯವರೆಗೆ ಹಿಮ್ಮೆಟ್ಟಬೇಕು. ಎಲ್ಲ ಮುಗಿದ ಮೇಲೆ, ಬರೆಯುವ ಪಾಯಿಂಟರ್ ನಿಂತ ಸ್ಥಾನದಲ್ಲಿ ಸರಣಿಯ ಅಂತ್ಯವನ್ನು ಸೂಚಿಸುವ ಶೂನ್ಯ ಬೈಟನ್ನು ಇಡಬೇಕು.

ಇಲ್ಲಿ ಎಚ್ಚರಿಕೆಯ ಸ್ಥಳಗಳು ಮೂರು. ಹಿಮ್ಮೆಟ್ಟುವ ಮುನ್ನ ಬರೆಯುವ ಪಾಯಿಂಟರ್ ಸರಣಿಯ ಆರಂಭದಲ್ಲಿಯೇ ಇದೆಯೋ ಎಂದು ಪರೀಕ್ಷಿಸಬೇಕು. ಇಲ್ಲವಾದರೆ ಅದು ಸರಣಿಯ ಹಿಂದಿನ ಪರಸ್ವತ್ತಾದ ಸ್ಮೃತಿಯನ್ನು ತುಳಿಯುತ್ತದೆ. ಎರಡನೆಯದಾಗಿ, ಓದುವ ಮತ್ತು ಬರೆಯುವ ಸ್ಥಾನಗಳು ಒಂದರ ಮೇಲೊಂದು ಬೀಳಬಹುದಾದ್ದರಿಂದ ಪ್ರತಿಮಾಡಲು ಮೆಮ್‌ಮೂವ್ ಎಂಬುದನ್ನು ಬಳಸಬೇಕು, ಮೆಮ್‌ಕಾಪಿ ಸಲ್ಲದು. ಮೂರನೆಯದಾಗಿ, ಕ್ರಮವಿಧಿಯಲ್ಲಿ ಉದ್ಧರಣ ಚಿಹ್ನೆಗಳೊಳಗೆ ಬರೆದಿಟ್ಟ ಸರಣಿಯನ್ನು ತಿದ್ದುವಂತಿಲ್ಲ. ಅದರ ಉದ್ದಕ್ಕಿಂತ ಒಂದು ಬೈಟ್ ಹೆಚ್ಚಾಗಿ ಸ್ಥಳವನ್ನು ಪಡೆದು, ಪ್ರತಿಯನ್ನು ಮಾಡಿಕೊಂಡು, ಆ ಪ್ರತಿಯನ್ನು ತಿದ್ದಬೇಕು.

ಸಂಕೇತರೂಪ ಮತ್ತು ಕನ್ನಡದ ಅಕ್ಷರಗಳು

ವಿಳಾಸದಲ್ಲಿ ನೇರವಾಗಿ ಬರೆಯಲಾಗದ ಬೈಟುಗಳನ್ನು ಶೇಕಡಾ ಚಿಹ್ನೆಯ ಮುಂದೆ ಎರಡು ಷೋಡಶಮಾನದ ಅಂಕೆಗಳನ್ನಿಟ್ಟು ಸೂಚಿಸುತ್ತಾರೆ. ಕನ್ನಡಿಗರಿಗೆ ಇದು ನಿತ್ಯದ ವಿಷಯ. ಯುನಿಕೋಡಿನ ಯು.ಟಿ.ಎಫ್.-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟುಗಳನ್ನು ಆಕ್ರಮಿಸುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮ, ನ, ಡ ಎಂದು ಐದು ಸಂಕೇತಗಳಿದ್ದು ಹದಿನೈದು ಬೈಟುಗಳಾಗುತ್ತವೆ. ಒಂದೊಂದು ಬೈಟಿಗೂ ಮೂರು ಚಿಹ್ನೆಗಳಂತೆ ವಿಳಾಸದಲ್ಲಿ ಅದು 45 ಚಿಹ್ನೆಗಳಷ್ಟು ಉದ್ದವಾಗುತ್ತದೆ. ಕಣ್ಣಿಗೆ ಮೂರೇ ಅಕ್ಷರಗಳೆಂದು ಬಗೆದು ಸ್ಥಳವನ್ನು ಕಾದಿರಿಸಿದವನ ಸರಣಿ ಉಕ್ಕಿಹರಿಯುವುದು ನಿಶ್ಚಯ.

ಮತ್ತೊಂದು ಸೂಕ್ಷ್ಮವಿದೆ. ಕನ್ನಡದ ಅಕ್ಷರಗಳ ಬೈಟುಗಳೆಲ್ಲ 127ನ್ನು ಮೀರಿದ ಬೆಲೆಯವು. ಅನೇಕ ಯಂತ್ರಗಳಲ್ಲಿ ಸಿ ಭಾಷೆಯ ಚಾರ್ ಎಂಬ ಪ್ರಕಾರ ಋಣಸಂಖ್ಯೆಗಳನ್ನೂ ಒಳಗೊಳ್ಳುವುದರಿಂದ 224 ಎಂಬ ಬೈಟು ಅಲ್ಲಿ -32 ಎಂದು ತೋರುತ್ತದೆ. ಅದನ್ನು ಹಾಗೆಯೇ ಅಕ್ಷರಪರೀಕ್ಷೆಯ ಕಾರ್ಯಗಳಿಗೆ ಒಪ್ಪಿಸಿದರೆ ಫಲವು ಅನಿಶ್ಚಿತ. ಮೊದಲು ಅನ್‌ಸೈನ್ಡ್ ಚಾರ್ ಆಗಿ ಪರಿವರ್ತಿಸಿಕೊಂಡು ಅನಂತರ ಪರೀಕ್ಷಿಸಬೇಕು. ಇಂಗ್ಲಿಷ್ ವಿಳಾಸಗಳಿಂದ ಮಾತ್ರ ಪರೀಕ್ಷಿಸಿದ ಕ್ರಮವಿಧಿಯಲ್ಲಿ ಈ ದೋಷ ಬಹುಕಾಲ ಅಡಗಿರಬಲ್ಲದು. ಕನ್ನಡದ ವಿಳಾಸವೊಂದು ಬಂದಾಗ ಅದು ಬಯಲಾಗುತ್ತದೆ.

ವಿಧಿಗಳ ಪೌರ್ವಾಪರ್ಯ

ಇಡೀ ವಿಷಯದ ಮರ್ಮವಿರುವುದು ಇಲ್ಲಿ. ಚುಕ್ಕೆಯನ್ನೂ ಸಂಕೇತರೂಪದಲ್ಲಿ ಬರೆಯಬಹುದು. ಅದರ ಸಂಖ್ಯೆ 46. ಷೋಡಶಮಾನದಲ್ಲಿ ಎರಡು ಮತ್ತು ಹದಿನಾಲ್ಕನ್ನು ಸೂಚಿಸುವ ‘ಇ’ ಅಕ್ಷರ. ಆದುದರಿಂದ ‘%2ಇ’ ಎಂಬುದು ಚುಕ್ಕೆಯೇ. ಹಾಗಿರುವಲ್ಲಿ ಮೊದಲು ಚುಕ್ಕೆಗಳನ್ನು ಕಳೆದು ಅನಂತರ ಸಂಕೇತವನ್ನು ಬಿಡಿಸಿದರೆ, ಆಗ ತಾನೇ ಹೊರಬಿದ್ದ ಚುಕ್ಕೆಗಳನ್ನು ಕಳೆಯುವವರು ಯಾರೂ ಇರುವುದಿಲ್ಲ.

2021ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಅಪಾಚೆ ಎಂಬ ಸುಪ್ರಸಿದ್ಧ ಜಾಲಸೇವಕದ 2.4.49ನೆಯ ಆವೃತ್ತಿಯಲ್ಲಿ ಸಂಭವಿಸಿದುದು ಇಂತಹುದೇ ಪ್ರಮಾದ. ಅದು ಸಿ ಭಾಷೆಯಲ್ಲಿ ರಚಿತವಾದುದು. ಪಥವನ್ನು ಸರಳಗೊಳಿಸಲು ಹೊಸದಾಗಿ ಬರೆದ ಕಾರ್ಯವು ಒಂದು ಚುಕ್ಕೆಯನ್ನು ಕಂಡಾಗ ಮುಂದಿನದೂ ಚುಕ್ಕೆಯೇ ಎಂದು ನೋಡುತ್ತಿತ್ತು. ಆದರೆ ಆ ಎರಡನೆಯದು ‘%2ಇ’ ಎಂಬ ವೇಷದಲ್ಲಿ ಬರಬಹುದೆಂಬುದನ್ನು ಗಮನಿಸಲಿಲ್ಲ. ಅಕ್ಟೋಬರ್ 4ರಂದು ತಿದ್ದಿದ ಆವೃತ್ತಿ ಬಂದಿತು. ಅದೂ ಸಾಲದಾಯಿತು. ‘%%32%65’ ಎಂದು ಬರೆದರೆ ಒಮ್ಮೆ ಬಿಡಿಸಿದಾಗ ‘%2ಇ’ ಎಂದೂ, ಮತ್ತೊಮ್ಮೆ ಬಿಡಿಸಿದಾಗ ಚುಕ್ಕೆಯೆಂದೂ ಆಗುತ್ತಿತ್ತು. ಮೂರೇ ದಿನಗಳಲ್ಲಿ, ಅಕ್ಟೋಬರ್ 7ರಂದು, ಮತ್ತೊಂದು ಆವೃತ್ತಿಯನ್ನು ಹೊರತರಬೇಕಾಯಿತು. ಹೊರಗಿನ ಕೋಶಗಳಿಗೆ ಪ್ರತ್ಯೇಕ ನಿರ್ಬಂಧವನ್ನು ವಿಧಿಸದಿದ್ದ ಯಂತ್ರಗಳಲ್ಲಿ ಈ ಬಿರುಕಿನಿಂದ ಕಡತಗಳನ್ನು ಓದಬಹುದಾಗಿತ್ತು. ಕೆಲವು ಸಂದರ್ಭಗಳಲ್ಲಿ ಪರರ ಆಜ್ಞೆಗಳನ್ನು ಆ ಯಂತ್ರದಿಂದಲೇ ನಡೆಸಬಹುದಾಗಿತ್ತು.

ಪಾಣಿನಿಯ ಅಷ್ಟಾಧ್ಯಾಯಿಯ ಕೊನೆಯ ಮೂರು ಪಾದಗಳ ವಿಧಿಗಳು ಹಿಂದಿನ ವಿಧಿಗಳ ದೃಷ್ಟಿಗೆ ನಡೆದೇ ಇಲ್ಲವೆಂಬಂತೆ ಭಾವಿಸತಕ್ಕವು ಎಂಬುದನ್ನು ಸಂಸ್ಕೃತ ವ್ಯಾಕರಣ ಓದಿದವರು ಬಲ್ಲರು. ವಿಧಿಗಳೆಲ್ಲ ನಿರ್ದುಷ್ಟವಾಗಿದ್ದರೂ ಅವುಗಳ ಪೌರ್ವಾಪರ್ಯ ಕೆಟ್ಟರೆ ಅಶುದ್ಧರೂಪವೇ ಸಿದ್ಧಿಸುತ್ತದೆ ಎಂಬ ತತ್ತ್ವ ಎರಡು ಕಡೆಯಲ್ಲಿಯೂ ಒಂದೇ. ಪಥಶೋಧನೆಯ ಕ್ರಮ ಹೀಗಿರಬೇಕು: ಮೊದಲು ಅಂಗವಿಭಾಗ; ಅನಂತರ ನಿಜವಾದ ಓರೆಗೆರೆಗಳಿಂದ ಖಂಡವಿಭಾಗ; ಆಮೇಲೆ ಸಂಕೇತವನ್ನು ಒಂದೇ ಒಂದು ಸಲ ಬಿಡಿಸುವುದು; ತರುವಾಯ ಚುಕ್ಕೆಗಳ ಲೋಪ; ಎಲ್ಲಕ್ಕೂ ಕಡೆಯಲ್ಲಿ ಅನುಮತಿಯ ಪರೀಕ್ಷೆ. ಬಿಡಿಸಿದಾಗ ಖಂಡದೊಳಗೆ ಓರೆಗೆರೆಯಾಗಲಿ ಶೂನ್ಯ ಬೈಟಾಗಲಿ ಹೊರಬಿದ್ದರೆ ಅಂತಹ ವಿಳಾಸವನ್ನು ಕಡತಕ್ಕೆ ಅನ್ವಯಿಸದೆ ನಿರಾಕರಿಸುವುದೇ ಲೇಸು. ಶೂನ್ಯ ಬೈಟು ಬಂದಲ್ಲಿಗೆ ಸಿ ಭಾಷೆಯ ಸರಣಿ ಮುಗಿಯುವುದರಿಂದ, ಪರೀಕ್ಷಿಸಿದ ಹೆಸರೇ ಒಂದು, ತೆರೆದ ಕಡತವೇ ಇನ್ನೊಂದು ಆಗುವ ಸಂಭವವಿದೆ.

ಕಡತಪಥದೊಡನೆ ಭೇದ

ವಿಳಾಸದ ಪಥವೂ ಯಂತ್ರದೊಳಗಿನ ಕಡತಪಥವೂ ರೂಪದಲ್ಲಿ ಸಮಾನವಾಗಿದ್ದರೂ ಸ್ವಭಾವದಲ್ಲಿ ಭಿನ್ನ. ವಿಳಾಸದಲ್ಲಿ ಲೋಪವು ಕೇವಲ ಅಕ್ಷರಗಳ ವ್ಯವಹಾರ. ಆ ಹೆಸರಿನ ಕೋಶವಿದೆಯೇ ಇಲ್ಲವೇ ಎಂದು ಯಾರನ್ನೂ ಕೇಳಬೇಕಿಲ್ಲ. ಕಡತಪಥದಲ್ಲಿ ಹಾಗಲ್ಲ. ಅಲ್ಲಿ ಒಂದು ಹೆಸರು ಬೇರೊಂದು ಸ್ಥಳಕ್ಕೆ ಕೊಂಡಿಯಾಗಿರಬಹುದು. ಅದರೊಳಗಿನಿಂದ ಜೋಡಿ ಚುಕ್ಕೆಯ ಮೂಲಕ ಮೇಲೇರಿದರೆ ಬಂದ ದಾರಿಗೆ ಬದಲು ಬೇರೆಯದೇ ಸ್ಥಳವನ್ನು ಸೇರಬಹುದು. ಆದಕಾರಣ ವಿಳಾಸವನ್ನು ಕಡತವಾಗಿಸುವಾಗ ರಿಯಲ್‌ಪಾತ್ ಎಂಬ ಕಾರ್ಯದಿಂದ ನಿಜಸ್ಥಾನವನ್ನು ವ್ಯವಸ್ಥೆಯಿಂದಲೇ ಕೇಳಿ ತಿಳಿಯಬೇಕು. ಅನಂತರ ಆ ಸ್ಥಾನವು ಅನುಮತಿಸಿದ ಕೋಶದೊಳಗೇ ಇದೆಯೇ ಎಂದು ನೋಡಬೇಕು. ಇಲ್ಲಿಯೂ ಆರಂಭದ ಅಕ್ಷರಗಳ ಹೋಲಿಕೆಯೊಂದೇ ಸಾಲದು. ‘/ಮಠ’ ಎಂಬ ಕೋಶಕ್ಕೆ ಮಾತ್ರ ಅನುಮತಿಯಿದ್ದರೆ ‘/ಮಠದಹಣ’ ಎಂಬುದೂ ಅದೇ ಅಕ್ಷರಗಳಿಂದ ಆರಂಭವಾಗುತ್ತದೆಯಷ್ಟೆ! ಹೋಲಿಕೆ ಮುಗಿದ ಸ್ಥಳದಲ್ಲಿ ಓರೆಗೆರೆಯೋ ಸರಣಿಯ ಅಂತ್ಯವೋ ಇರಲೇಬೇಕು.

ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಸ್ಪಷ್ಟವಾಗುವುದು ಇಷ್ಟು. ಪಥವನ್ನು ಸರಳಗೊಳಿಸುವುದು ಅಂದಕ್ಕಾಗಿ ಮಾಡುವ ಕೆಲಸವಲ್ಲ. ಎರಡು ರೂಪಗಳುಳ್ಳ ಒಂದೇ ಸ್ಥಾನವನ್ನು ಒಂದೇ ರೂಪಕ್ಕೆ ತಂದು, ಆ ರೂಪವನ್ನೇ ಪರೀಕ್ಷಿಸಿ, ಆ ರೂಪವನ್ನೇ ಬಳಸುವುದು ಅದರ ಗುರಿ. ಪರೀಕ್ಷಿಸಿದುದು ಒಂದಾಗಿ ಬಳಸಿದುದು ಮತ್ತೊಂದಾದರೆ ಕಾವಲಿದ್ದೂ ಫಲವಿಲ್ಲ. ಸಂಧಿಕಾರ್ಯವನ್ನು ಹೇಳಿಕೊಡುವ ಉಪಾಧ್ಯಾಯರು ಬರಿಯ ಸಿದ್ಧರೂಪವನ್ನು ಒಪ್ಪದೆ, ಅದು ಯಾವ ಸೂತ್ರದಿಂದ ಯಾವ ಕ್ರಮದಲ್ಲಿ ಬಂದಿತೆಂದು ಶಿಷ್ಯನನ್ನು ಕೇಳುತ್ತಾರೆ. ಗಣಕದ ತರಗತಿಯಲ್ಲಿಯೂ ಅದೇ ಪ್ರಶ್ನೆಯನ್ನು ಕೇಳತಕ್ಕದ್ದು. ಉತ್ತರ ಸರಿಬಂದಿತೆಂದು ತೃಪ್ತನಾಗದೆ, ಬಂದ ದಾರಿಯನ್ನೂ ತೋರಿಸಬಲ್ಲ ವಿದ್ಯಾರ್ಥಿಯ ಕೈಯಲ್ಲಿ ಪರರ ಕಡತಗಳು ಸುರಕ್ಷಿತವಾಗಿರುತ್ತವೆ.