ಮೊಬೈಲ್ ಬ್ಯಾಟರಿಗೂ ಆಯಸ್ಸು ಉಂಟು

ನಮ್ಮ ಪಾಠಕ್ಕೆ ಬರುವ ಅಕ್ಕ ಒಬ್ಬರ ಮಗಳು ತುಂಬು ಬಸುರಿ. ಗಂಡನ ಮನೆಯಲ್ಲಿದ್ದಳು. ಒಂದು ರಾತ್ರಿ ನೋವು ಬಂತು. ತಾಯಿಗೆ ಫೋನ್ ಮಾಡಿಸಿದಳು. ಅಕ್ಕನ ಮೊಬೈಲು ಆಫ್ ಆಗಿತ್ತು! ಬೆಳಿಗ್ಗೆ ಸುದ್ದಿ ತಿಳಿದು ಅಕ್ಕ ಓಡಿದರು. ತಾಯಿ, ಮಗು ಕ್ಷೇಮ. ಆದರೂ ಅಕ್ಕನಿಗೆ ಸಂಕಟ.

“ಸಂಜೆ ಪೂರ್ತಿ ಚಾರ್ಜ್ ಮಾಡಿದ್ದೆ ಟೀಚರ್. ರಾತ್ರಿಗೇ ಖಾಲಿ. ತಗೊಂಡು ಎರಡು ವರ್ಷಾನೂ ಆಗಿಲ್ಲ” ಎಂದರು.

“ಚಾರ್ಜಿಗೆ ಯಾವಾಗ ಹಾಕ್ತೀರಿ ಅಕ್ಕಾ?” ಎಂದು ಕೇಳಿದೆವು.

“ಪೂರ್ತಿ ಖಾಲಿ ಆದ ಮೇಲೇನೇ. ಒಲೆ ಪಕ್ಕ ಪ್ಲಗ್ ಇದೆ. ಅಲ್ಲೇ ಇಡ್ತೀನಿ.”

ತಪ್ಪು ಇಲ್ಲೇ ಇತ್ತು. ಪೂರ್ತಿ ಖಾಲಿ ಮಾಡಬೇಕು ಎಂಬುದು ಹಳೆಯ ಜಾತಿಯ ಬ್ಯಾಟರಿಗೆ ಹೇಳಿದ ಮಾತು. ಈಗಿನ ಮೊಬೈಲಿನಲ್ಲಿ ಇರುವುದು ಲಿಥಿಯಂ ಬ್ಯಾಟರಿ. ಎತ್ತನ್ನು ಬೀಳುವ ತನಕ ದುಡಿಸುತ್ತೇವೆಯೇ? ಇದೂ ಹಾಗೆಯೇ.

ಬ್ಯಾಟರಿ ದಿನದಿನಕ್ಕೆ ಸವೆಯುತ್ತದೆ. ಹಲವು ಫೋನುಗಳಲ್ಲಿ ಸುಮಾರು 500 ಸಲ ಪೂರ್ತಿ ತುಂಬಿ ಖಾಲಿಯಾದರೆ, ಐದರಲ್ಲಿ ಒಂದು ಪಾಲು ಶಕ್ತಿ ಹೋಗುತ್ತದೆ. ಐದು ಕೊಡ ನೀರು ಹಿಡಿಯುವ ಹಂಡೆ ನಾಲ್ಕೇ ಕೊಡ ಹಿಡಿದಂತೆ. ಬಿಸಿ ತಾಗಿದರೆ ಇನ್ನೂ ಬೇಗ ಸವೆಯುತ್ತದೆ. ಹೋದ ಶಕ್ತಿ ತಿರುಗಿ ಬರದು.

ನಾವು ಏನು ಮಾಡಬೇಕು?

1. ಫೋನಿನ ಮೇಲ್ಗಡೆ ಮೂಲೆಯಲ್ಲಿ ಅಂಕಿ ಕಾಣುತ್ತದೆ. ಅದನ್ನು ಓದಲು ಈಗ ನಮಗೆ ಬರುತ್ತದೆ. 20ಕ್ಕೆ ಇಳಿದಾಗ ಚಾರ್ಜಿಗೆ ಹಾಕೋಣ. 80ರ ಹತ್ತಿರ ಬಂದಾಗ ತೆಗೆದರೆ ಒಳ್ಳೆಯದು.
2. ಸ್ವಲ್ಪ ಸ್ವಲ್ಪ ಹಲವು ಸಲ ಹಾಕಿದರೆ ತಪ್ಪಿಲ್ಲ. ಊರಿಗೆ ಹೋಗುವಾಗ 100 ಮಾಡಿಕೊಂಡರೂ ತೊಂದರೆಯಿಲ್ಲ. ದಿನವೂ ರಾತ್ರಿಯಿಡೀ ಹಾಕಿಡುವುದು ಬೇಡ.
3. ಒಲೆ ಪಕ್ಕ, ಬಿಸಿಲಲ್ಲಿ, ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡಬಾರದು. ಗಾಳಿ ಆಡುವ ಜಾಗ ಬೇಕು.
4. ಬ್ಯಾಟರಿ ಉಬ್ಬಿದರೆ ಅಪಾಯ! ಬೆಂಕಿ ಹತ್ತಬಹುದು. ಒತ್ತಬಾರದು, ಚುಚ್ಚಬಾರದು, ಚಾರ್ಜ್ ಮಾಡಬಾರದು. ರಿಪೇರಿ ಅಂಗಡಿಗೆ ತೋರಿಸಬೇಕು.

ಅಕ್ಕ ಹೊಸ ಬ್ಯಾಟರಿ ಹಾಕಿಸಿದರು. ಫೋನನ್ನು ಒಲೆಯ ಬಳಿಯಿಂದ ಪಡಸಾಲೆಗೆ ತಂದರು. ಈಗ ದಿನಾ ಮಲಗುವ ಮುಂಚೆ ಅಂಕಿ ಓದುತ್ತಾರೆ. ಮೊಮ್ಮಗನ ಅಳುವನ್ನು ಫೋನಿನಲ್ಲೇ ಕೇಳಿ ನಗುತ್ತಾರೆ.

ಉತ್ತರ ಹೇಳಿ

1. ಅಕ್ಕ ಮಾಡುತ್ತಿದ್ದ ಎರಡು ತಪ್ಪು ಯಾವುವು?
2. ಬ್ಯಾಟರಿ ಉಬ್ಬಿದರೆ ಏನು ಮಾಡಬೇಕು?

ಓದಿ, ಬರೆಯಿರಿ

ಬ್ಯಾಟರಿ, ಚಾರ್ಜ್, ಆಯಸ್ಸು, ಅಪಾಯ

ನಿಮ್ಮ ಮನೆಯ ಫೋನಿನಲ್ಲಿ ಈಗ ಎಷ್ಟು ಅಂಕಿ ಇದೆ? ನೋಡಿ ಬರೆಯಿರಿ: ........